ಉಂಡದ್ದನ್ನು ಅಳೆದು ದುಡಿದದ್ದನ್ನು ತೂಗಿದ ಆಟ್‌ವಾಟರ್

ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಪುಟ್ಟ ಅಕ್ಷರಗಳ ಒಂದು ಪಟ್ಟಿ ಕಾಣುತ್ತದೆ. ನೂರು ಗ್ರಾಂಗೆ ಇಷ್ಟು ಪ್ರೋಟೀನ್, ಇಷ್ಟು ಕಾರ್ಬೋಹೈಡ್ರೇಟ್, ಇಷ್ಟು ಕೊಬ್ಬು, ಒಟ್ಟು ಇಷ್ಟು ಕಿಲೋಕ್ಯಾಲರಿ. ತೂಕ ಇಳಿಸಲು ಹೊರಟವರು ದಿನಕ್ಕೆ ಹತ್ತಾರು ಬಾರಿ ಓದುವ ಈ ಪಟ್ಟಿಯ ಹಿಂದೆ ಮೂರು ಅಂಕಿಗಳಿವೆ. ಒಂದು ಗ್ರಾಂ ಪ್ರೋಟೀನಿಗೆ 4 ಕ್ಯಾಲರಿ, ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4, ಒಂದು ಗ್ರಾಂ ಕೊಬ್ಬಿಗೆ 9. ಈ ಅಂಕಿಗಳು ಹುಟ್ಟಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಎಂಬ ಪುಟ್ಟ ಊರಿನಲ್ಲಿ, ಕಾಲೇಜೊಂದರ ನೆಲಮಾಳಿಗೆಯಲ್ಲಿ. ಅವುಗಳ ಜನಕ ವಿಲ್ಬರ್ ಓಲಿನ್ ಆಟ್‌ವಾಟರ್.

ಪೋಷಣಾ ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಹೆಸರು ಚಿರಪರಿಚಿತ. ಉಳಿದವರು ಅವರ ಹೆಸರನ್ನು ಅರಿಯದಿದ್ದರೂ ಅವರ ಲೆಕ್ಕವನ್ನು ದಿನವೂ ಬಳಸುತ್ತಾರೆ. ಉಂಡದ್ದು ಎಷ್ಟು, ದುಡಿದದ್ದು ಎಷ್ಟು, ಉಳಿದದ್ದು ಎಲ್ಲಿ ಹೋಯಿತು ಎಂಬ ಜಮಾ-ಖರ್ಚನ್ನು ಮನುಷ್ಯ ದೇಹದ ಮಟ್ಟಿಗೆ ಮೊಟ್ಟಮೊದಲು ನಿಖರವಾಗಿ ಬರೆದಿಟ್ಟವರು ಅವರೇ.

ಪಾದ್ರಿಯ ಮಗ

ಆಟ್‌ವಾಟರ್ ಅವರು ಜನಿಸಿದ್ದು 1844ರ ಮೇ 3ರಂದು, ನ್ಯೂಯಾರ್ಕ್ ರಾಜ್ಯದ ಜಾನ್ಸ್‌ಬರ್ಗ್‌ನಲ್ಲಿ. ತಂದೆ ಮೆಥಡಿಸ್ಟ್ ಪಂಥದ ಪಾದ್ರಿ, ಮದ್ಯಪಾನ ವಿರೋಧಿ. ಮನೆಯ ಈ ಸಂಸ್ಕಾರ ಮುಂದೆ ಅವರ ಬದುಕಿನ ಬಹುದೊಡ್ಡ ವಿವಾದಕ್ಕೆ ವಿಚಿತ್ರವಾದ ರೀತಿಯಲ್ಲಿ ತಳಕು ಹಾಕಿಕೊಳ್ಳಲಿತ್ತು. 1865ರಲ್ಲಿ ಮಿಡಲ್‌ಟೌನ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಿಂದ ಪದವಿ. 1869ರಲ್ಲಿ ಯೇಲ್‌ನಿಂದ ಡಾಕ್ಟರೇಟ್. ಪ್ರಬಂಧದ ವಸ್ತು ಮೆಕ್ಕೆಜೋಳದ ರಾಸಾಯನಿಕ ರಚನೆ. ಆ ಬಳಿಕ ಜರ್ಮನಿಯ ಲೈಪ್‌ಜಿಗ್ ಮತ್ತು ಬರ್ಲಿನ್‌ಗಳಲ್ಲಿ ವ್ಯಾಸಂಗ ಮಾಡಿ, ಟೆನೆಸ್ಸಿ ಮತ್ತು ಮೇನ್ ರಾಜ್ಯಗಳಲ್ಲಿ ಅಲ್ಪಕಾಲ ಅಧ್ಯಾಪನ ನಡೆಸಿ, 1873ರಲ್ಲಿ ತಾವು ಓದಿದ ವೆಸ್ಲಿಯನ್‌ಗೇ ರಸಾಯನಶಾಸ್ತ್ರದ ಅಧ್ಯಾಪಕರಾಗಿ ಮರಳಿದರು. ಕೊನೆಯವರೆಗೂ ಅದೇ ಅವರ ಕರ್ಮಭೂಮಿ.

ಜರ್ಮನಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಸರ್ಕಾರಿ ಹಣದಲ್ಲಿ ನಡೆಯುತ್ತಿದ್ದ ಕೃಷಿ ಪ್ರಯೋಗ ಕೇಂದ್ರಗಳು. ರೈತನ ಗೊಬ್ಬರದಿಂದ ಹಿಡಿದು ದನದ ಮೇವಿನವರೆಗೆ ಎಲ್ಲವನ್ನೂ ಅಲ್ಲಿ ತಕ್ಕಡಿಗೆ ಹಾಕಲಾಗುತ್ತಿತ್ತು. ಅಂಥದ್ದೊಂದು ತಮ್ಮ ನಾಡಿನಲ್ಲೂ ಬೇಕೆಂದು ಅವರು ಪಟ್ಟುಹಿಡಿದರು. 1875ರಲ್ಲಿ ಅಮೆರಿಕದ ಮೊದಲ ರಾಜ್ಯ ಕೃಷಿ ಪ್ರಯೋಗ ಕೇಂದ್ರ ಮಿಡಲ್‌ಟೌನ್‌ನಲ್ಲಿ ಆರಂಭವಾದಾಗ ಅವರೇ ಅದರ ನಿರ್ದೇಶಕರು. ಎರಡೇ ವರ್ಷದಲ್ಲಿ ಕೇಂದ್ರ ಬೇರೆ ಊರಿಗೆ ಹೋಯಿತಾದರೂ ಕಲ್ಪನೆ ಬೇರೂರಿತು. 1887ರಲ್ಲಿ ಅಮೆರಿಕದ ಸಂಸತ್ತು ಎಲ್ಲ ರಾಜ್ಯಗಳಲ್ಲೂ ಇಂಥ ಕೇಂದ್ರಗಳನ್ನು ತೆರೆಯುವ ಕಾಯ್ದೆ ತಂದಿತು. ಮರುವರ್ಷ ಅವನ್ನೆಲ್ಲ ಸಮನ್ವಯಗೊಳಿಸುವ ಕಚೇರಿಗೆ ಆಟ್‌ವಾಟರ್ ಅವರೇ ಮೊದಲ ಮುಖ್ಯಸ್ಥರಾದರು.

ಈ ನಡುವೆ ಅವರು ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗವೊಂದು ಮರೆಯಬಾರದಂಥದ್ದು. ದ್ವಿದಳ ಸಸ್ಯಗಳು ಗಾಳಿಯಲ್ಲಿನ ಸಾರಜನಕವನ್ನು ಪಡೆಯುತ್ತವೆ ಎಂಬ ಸುಳಿವು 1880ರ ದಶಕದ ಆರಂಭದಲ್ಲೇ ಅವರಿಗೆ ದೊರೆತಿತ್ತು. ಅದರ ಪೂರ್ಣ ಕೀರ್ತಿ ಮುಂದೆ ಜರ್ಮನಿಯ ಹೆಲ್ರೀಗಲ್ ಮತ್ತು ವಿಲ್‌ಫಾರ್ತ್ ಅವರಿಗೆ ಸಂದಿತು. ಈ ಒಂದು ಸಂಶೋಧನೆಯನ್ನೇ ಬೆನ್ನುಹತ್ತಿದ್ದರೂ ಆಟ್‌ವಾಟರ್ ಅವರ ಹೆಸರು ವಿಜ್ಞಾನದ ಚರಿತ್ರೆಯಲ್ಲಿ ಉಳಿಯುತ್ತಿತ್ತು. ಆದರೆ ಅವರ ಆಸಕ್ತಿ ಹೊಲದಿಂದ ಅಡುಗೆಮನೆಗೆ ಸರಿದಾಗಿತ್ತು.

ಕೂಲಿಯ ಅರ್ಧ ಹೊಟ್ಟೆಗೆ

1882ರಲ್ಲಿ ಅವರು ಮತ್ತೊಮ್ಮೆ ಜರ್ಮನಿಗೆ ತೆರಳಿದರು. ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಫಾಯ್ಟ್ ಎಂಬ ಪ್ರಖ್ಯಾತ ಶರೀರಶಾಸ್ತ್ರಜ್ಞರು ಮನುಷ್ಯ ಹಾಗೂ ಪ್ರಾಣಿಗಳ ಆಹಾರ, ಉಸಿರು, ವಿಸರ್ಜನೆಗಳನ್ನು ಅಳೆಯುವ ಪರಂಪರೆಯೊಂದನ್ನೇ ಬೆಳೆಸಿದ್ದರು. ಫಾಯ್ಟ್ ಅವರ ಶಿಷ್ಯ ಮ್ಯಾಕ್ಸ್ ರುಬ್ನರ್ ಕೊಬ್ಬು, ಪಿಷ್ಟ, ಪ್ರೋಟೀನ್‌ಗಳು ದೇಹದಲ್ಲಿ ಒಂದಕ್ಕೊಂದು ಬದಲಿಯಾಗಿ ಉರಿಯಬಲ್ಲ ಇಂಧನಗಳೆಂದು ತೋರಿಸುತ್ತಿದ್ದ ಕಾಲವದು. ಅಲ್ಲಿಂದ ಹಿಂದಿರುಗಿದ ಆಟ್‌ವಾಟರ್ ಮ್ಯಾಸಚೂಸೆಟ್ಸ್ ಮತ್ತು ಕನೆಕ್ಟಿಕಟ್‌ಗಳ ಕಾರ್ಮಿಕ ಕುಟುಂಬಗಳು ಏನನ್ನು, ಎಷ್ಟು ತಿನ್ನುತ್ತವೆ ಎಂಬ ಸಮೀಕ್ಷೆಯಲ್ಲಿ ತೊಡಗಿದರು. ದುಡಿಯುವವರ ಸಂಪಾದನೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಆಹಾರಕ್ಕೇ ವೆಚ್ಚವಾಗುತ್ತಿದ್ದುದು ಅವರನ್ನು ಕಾಡಿತು.

ಅವರ ವಾದ ಸರಳವಾಗಿತ್ತು. ದುಬಾರಿ ಮಾಂಸದ ತುಂಡಿನಲ್ಲಿರುವ ಪೋಷಣೆಯೇ ಅಗ್ಗದ ತುಂಡಿನಲ್ಲೂ, ಅವರೆ ಜಾತಿಯ ಕಾಳುಗಳಲ್ಲೂ, ಗೋಧಿ ಹಿಟ್ಟಿನಲ್ಲೂ ಇದೆ. ಯಾವುದರಲ್ಲಿ ಎಷ್ಟಿದೆ ಎಂಬುದು ಗೊತ್ತಾದರೆ ಬಡವನ ಹಣ ಉಳಿಯುತ್ತದೆ. ಇದಕ್ಕಾಗಿ 1887ರಿಂದ ಸೆಂಚುರಿ ಎಂಬ ಜನಪ್ರಿಯ ಮಾಸಪತ್ರಿಕೆಯಲ್ಲಿ ಅವರು ಲೇಖನಮಾಲೆ ಬರೆದರು. ಫ್ರಾನ್ಸಿನ ನಿಕೊಲಾ ಕ್ಲೆಮಾಂ 1820ರ ಆಸುಪಾಸಿನಲ್ಲೇ ಬಳಸಿದ್ದ ಕ್ಯಾಲರಿ ಎಂಬ ಶಬ್ದ ಅಮೆರಿಕದ ಸಾಮಾನ್ಯ ಓದುಗರ ಮನೆ ಹೊಕ್ಕಿದ್ದು ಬಹುಮಟ್ಟಿಗೆ ಈ ಲೇಖನಗಳ ಮೂಲಕ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖವೇ ಆಹಾರದ ಒಂದು ಕ್ಯಾಲರಿ; ಶಾಸ್ತ್ರೀಯವಾಗಿ ಹೇಳುವುದಾದರೆ ಒಂದು ಕಿಲೋಕ್ಯಾಲರಿ.

ಈ ಉಪದೇಶವನ್ನು ಎಲ್ಲರೂ ಸ್ವಾಗತಿಸಲಿಲ್ಲ. ಕಾರ್ಮಿಕ ನಾಯಕರಿಗೆ ಇದರಲ್ಲಿ ಅಪಾಯ ಕಂಡಿತು. ಕಡಿಮೆ ಹಣದಲ್ಲಿ ಹೊಟ್ಟೆ ತುಂಬುತ್ತದೆಂದು ವಿಜ್ಞಾನಿಯೇ ಸಾಧಿಸಿಕೊಟ್ಟರೆ ಗಿರಣಿ ಮಾಲೀಕರು ಕೂಲಿ ಏರಿಸುವ ಮಾತನ್ನೇ ಮರೆಯುತ್ತಾರೆ ಎಂಬುದು ಅವರ ಅಳಲು. ಆ ಶಂಕೆ ಆಧಾರರಹಿತವಾಗಿರಲಿಲ್ಲ. ಆಟ್‌ವಾಟರ್ ಅವರ ಆರಂಭದ ಪೋಷಕರಲ್ಲಿ ಬಂಡವಾಳಗಾರರೂ ಇದ್ದರು. ಆದರೆ ಅವರು ರೂಪಿಸಿದ ಮಾನದಂಡ ಕೃಪಣವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಧ್ಯಮ ಶ್ರಮದ ಗಂಡಸಿಗೆ ದಿನಕ್ಕೆ ಸುಮಾರು 3,400ರಿಂದ 3,500 ಕ್ಯಾಲರಿ, 125 ಗ್ರಾಂ ಪ್ರೋಟೀನ್ ಬೇಕೆಂದು ಅವರು ನಿಗದಿಪಡಿಸಿದ್ದರು. ಜರ್ಮನ್ ಮಾನದಂಡಕ್ಕಿಂತ ಇದು ಹೆಚ್ಚು.

ತಾಮ್ರದ ಕೋಣೆ

1894ರಲ್ಲಿ ಅಮೆರಿಕದ ಸಂಸತ್ತು ಮಾನವ ಪೋಷಣೆಯ ಸಂಶೋಧನೆಗೆಂದೇ 10,000 ಡಾಲರ್ ಮಂಜೂರು ಮಾಡಿತು. ಹೊಣೆ ಆಟ್‌ವಾಟರ್ ಅವರದು. ಅಷ್ಟರಲ್ಲಾಗಲೇ ವೆಸ್ಲಿಯನ್‌ನ ಜಡ್ ಹಾಲ್ ಕಟ್ಟಡದ ನೆಲಮಾಳಿಗೆಯಲ್ಲಿ, ಭೌತಶಾಸ್ತ್ರಜ್ಞ ಎಡ್ವರ್ಡ್ ರೋಸಾ ಅವರ ಜೊತೆಗೂಡಿ, ಅವರು ವಿಲಕ್ಷಣವಾದ ಪೆಟ್ಟಿಗೆಯೊಂದನ್ನು ಕಟ್ಟಲಾರಂಭಿಸಿದ್ದರು.

ಸುಮಾರು ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, ಆರು ಅಡಿಗಿಂತ ತುಸು ಹೆಚ್ಚು ಎತ್ತರ. ಒಳಗೋಡೆ ತಾಮ್ರದ್ದು, ಅದರಾಚೆ ಸತುವಿನದು, ಅದರಾಚೆ ಮರದ್ದು. ನಡುನಡುವೆ ಗಾಳಿಯ ಪದರ. ಒಳಗೆ ಮಡಚುವ ಮಂಚ, ಕುರ್ಚಿ, ಮೇಜು, ಬೆಳಕಿಗೆ ಗಾಜಿನ ಕಿಟಕಿ. ಊಟ ಒಳಹೋಗುವುದೂ ಮಲಮೂತ್ರ ಹೊರಬರುವುದೂ ಎರಡು ಕಡೆ ಮುಚ್ಚಳವಿದ್ದ ಒಂದು ಕಿಂಡಿಯ ಮೂಲಕ. ಇದರೊಳಗೆ ಒಬ್ಬ ಮನುಷ್ಯ ದಿನಗಟ್ಟಲೆ, ಕೆಲವೊಮ್ಮೆ ವಾರಕ್ಕೂ ಹೆಚ್ಚು ಕಾಲ, ಬದುಕಬೇಕಿತ್ತು. ಒಳಹೋದವರು ಆಟ್‌ವಾಟರ್ ಅವರ ಸಹಾಯಕರು ಮತ್ತು ಕಾಲೇಜಿನ ವಿದ್ಯಾರ್ಥಿಗಳು.

ಕೋಣೆಯೊಳಗೆ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತಿತ್ತು. ಒಳಗಿದ್ದವನ ಮೈಶಾಖವನ್ನು ಆ ನೀರು ಹೀರಿಕೊಂಡು ಹೊರಬರುತ್ತಿತ್ತು. ಹೋಗುವಾಗ ನೀರಿನ ಉಷ್ಣತೆ ಎಷ್ಟು, ಬರುವಾಗ ಎಷ್ಟು, ಹರಿದ ನೀರೆಷ್ಟು ಎಂಬುದರಿಂದ ದೇಹ ಹೊರಸೂಸಿದ ಶಾಖದ ಲೆಕ್ಕ ಸಿಗುತ್ತಿತ್ತು. ಗೋಡೆಯ ಮೂಲಕ ಶಾಖ ಸೋರದಂತೆ ಎರಡು ಲೋಹದ ಗೋಡೆಗಳ ಉಷ್ಣತೆಯನ್ನು ಸಮನಾಗಿ ಕಾಯ್ದುಕೊಳ್ಳಬೇಕಿತ್ತು. ಅದಕ್ಕಾಗಿ ಹಗಲಿರುಳು ಪಾಳಿಯಲ್ಲಿ ಜನ ಕಾವಲಿರಬೇಕಿತ್ತು. ಇತ್ತ ಒಳಹೋಗುವ ಗಾಳಿ, ಹೊರಬರುವ ಗಾಳಿ ಎರಡನ್ನೂ ಪರೀಕ್ಷಿಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯ ಪ್ರಮಾಣ ಗುರುತಿಸಲಾಗುತ್ತಿತ್ತು. ತಿನ್ನುವ ಪ್ರತಿ ತುಣುಕು ಬ್ರೆಡ್ಡು, ಪ್ರತಿ ಗುಟುಕು ಹಾಲು ತೂಕವಾಗಿ, ಅದರದೇ ಮಾದರಿ ಪ್ರಯೋಗಾಲಯದ ಬಾಂಬ್ ಕ್ಯಾಲರಿಮಾಪಕದಲ್ಲಿ ಉರಿದು ಬೂದಿಯಾಗುತ್ತಿತ್ತು. ಮಲಮೂತ್ರಗಳಿಗೂ ಅದೇ ಸತ್ಕಾರ. ಒಳಹೋಗುವುದಕ್ಕೆ ಕೆಲವು ದಿನ ಮೊದಲೇ ವ್ಯಕ್ತಿಗೆ ಅದೇ ನಿಗದಿತ ಊಟವನ್ನು ರೂಢಿ ಮಾಡಿಸಲಾಗುತ್ತಿತ್ತು.

ಮೊದಮೊದಲು ಒಳಗಿದ್ದವನು ಸುಮ್ಮನೆ ಕೂತು, ಓದಿ, ಮಲಗಿ ದಿನ ಕಳೆಯುತ್ತಿದ್ದ. ಬಳಿಕ ಒಳಗೊಂದು ನಿಂತಲ್ಲೇ ತುಳಿಯುವ ಸೈಕಲ್ ಬಂತು. ಅದಕ್ಕೆ ಡೈನಮೊ ಜೋಡಿಸಿ, ತುಳಿದ ಶ್ರಮವನ್ನು ವಿದ್ಯುತ್ತಾಗಿ ಪರಿವರ್ತಿಸಿ ಅಳೆಯಲಾಯಿತು. ಇಂದು ಜಿಮ್ಮುಗಳಲ್ಲಿ ಸಾಲಾಗಿ ನಿಂತಿರುವ, ತುಳಿದಂತೆ ಕ್ಯಾಲರಿ ತೋರಿಸುವ ಸೈಕಲ್ಲುಗಳ ಪೂರ್ವಜರಲ್ಲಿ ಇದೂ ಒಂದು. ಆದರೆ ಇದರ ಲೆಕ್ಕ ಅವುಗಳಿಗಿಂತ ಎಷ್ಟೋ ಪಾಲು ಪ್ರಾಮಾಣಿಕವಾಗಿತ್ತು.

ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಆಹಾರದ ಮೂಲಕ ದೇಹಕ್ಕೆ ದೊರೆತ ಶಕ್ತಿಗೂ, ಶಾಖ ಮತ್ತು ಶ್ರಮದ ರೂಪದಲ್ಲಿ ಹೊರಬಂದ ಶಕ್ತಿಗೂ ಹಲವು ಪ್ರಯೋಗಗಳ ಸರಾಸರಿಯಲ್ಲಿ ನೂರಕ್ಕೆ ಒಂದರಷ್ಟೂ ಅಂತರ ಉಳಿಯಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಲವಾಸಿಯೇ ಗಿನಿಹಂದಿಯನ್ನಿಟ್ಟು ಊಹಿಸಿದ್ದನ್ನು, ರುಬ್ನರ್ ನಾಯಿಯನ್ನಿಟ್ಟು ತೋರಿಸಿದ್ದನ್ನು, ಆಟ್‌ವಾಟರ್ ಮನುಷ್ಯನನ್ನಿಟ್ಟು ಸಾಧಿಸಿದರು. ಉಗಿಯಂತ್ರಕ್ಕೆ ಅನ್ವಯಿಸುವ ಶಕ್ತಿ ಸಂರಕ್ಷಣೆಯ ನಿಯಮವೇ ಮನುಷ್ಯನಿಗೂ ಅನ್ವಯಿಸುತ್ತದೆ ಎಂಬುದು ಅಂದಿನ ಧಾರ್ಮಿಕ ಸಮಾಜಕ್ಕೆ ಸಣ್ಣ ಮಾತಾಗಿರಲಿಲ್ಲ.

ನಾಲ್ಕು, ಒಂಬತ್ತು, ನಾಲ್ಕು

ಮೂರು ಅಂಕಿಗಳು ಬಂದ ಬಗೆ ಇಲ್ಲಿ ಹೇಳಬೇಕು. ಬಾಂಬ್ ಕ್ಯಾಲರಿಮಾಪಕದಲ್ಲಿ ಉರಿಸಿದರೆ ಒಂದು ಗ್ರಾಂ ಕೊಬ್ಬು 9.4 ಕ್ಯಾಲರಿ ಕೊಡುತ್ತದೆ. ಆದರೆ ತಿಂದ ಕೊಬ್ಬಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಮಾತ್ರ ಜೀರ್ಣವಾಗುತ್ತದೆ. ಹಾಗಾಗಿ ಸುಮಾರು 9. ಪ್ರೋಟೀನ್ ಉರಿದರೆ 5.65, ಅದರಲ್ಲಿ ಜೀರ್ಣವಾಗದ್ದನ್ನೂ, ಯೂರಿಯಾ ಮುಂತಾದ ರೂಪದಲ್ಲಿ ಮೂತ್ರದೊಡನೆ ಹೋಗುವ 1.25ರಷ್ಟನ್ನೂ ಕಳೆದರೆ 4. ಕಾರ್ಬೋಹೈಡ್ರೇಟಿಗೂ ಇದೇ ಕ್ರಮದಲ್ಲಿ 4. ಇವು ಸರಾಸರಿಗಳು, ಅಂದಿನ ಅಮೆರಿಕನ್ನರ ಮಿಶ್ರ ಆಹಾರಕ್ಕೆ ಹೊಂದುವ ಸರಾಸರಿಗಳು ಎಂಬುದನ್ನು ಅವರೇ ಸ್ಪಷ್ಟಪಡಿಸಿದ್ದರು. ಪೊಟ್ಟಣದ ಹಿಂಬದಿ ಓದುವವರು ಮರೆತದ್ದು ಇದನ್ನೇ.

ಇದರ ಜೊತೆಗೆ 1896ರಲ್ಲಿ ಸಹೋದ್ಯೋಗಿ ಚಾರ್ಲ್ಸ್ ವುಡ್ಸ್ ಅವರೊಡನೆ ಅಮೆರಿಕದ ಆಹಾರ ಪದಾರ್ಥಗಳ ರಾಸಾಯನಿಕ ರಚನೆಯ ಕೋಷ್ಟಕವನ್ನು ಪ್ರಕಟಿಸಿದರು. ಸಾವಿರಾರು ವಿಶ್ಲೇಷಣೆಗಳ ಸಾರವಾದ ಆ ಸರ್ಕಾರಿ ಪುಸ್ತಿಕೆ ದಶಕಗಳ ಕಾಲ ಆಸ್ಪತ್ರೆ, ಸೇನೆ, ಶಾಲೆಗಳ ಅಡುಗೆಮನೆಗಳಿಗೆ ಆಧಾರವಾಯಿತು.

ತೂಕದ ಚಿಂತೆಯಲ್ಲಿರುವ ಇಂದಿನ ಓದುಗರಿಗೆ ತಾಮ್ರದ ಕೋಣೆಯ ಮತ್ತೊಂದು ಫಲಿತಾಂಶ ಹೆಚ್ಚು ಪ್ರಸ್ತುತ. ವಿಶ್ರಾಂತಿಯಲ್ಲಿದ್ದ ಯುವಕ ದಿನವಿಡೀ ವ್ಯಯಿಸಿದ್ದು 2,200 ಕ್ಯಾಲರಿಗಳ ಆಸುಪಾಸು. ದಿನಕ್ಕೆ ಎಂಟು ಗಂಟೆ ಬಿರುಸಾಗಿ ಸೈಕಲ್ ತುಳಿದವನ ವೆಚ್ಚ 5,000 ದಾಟಿತು. ಆದರೆ ಹೀಗೆ ವ್ಯಯವಾದ ಹೆಚ್ಚುವರಿ ಶಕ್ತಿಯಲ್ಲಿ ಸೈಕಲ್ಲಿಗೆ ದಕ್ಕಿದ್ದು ಸುಮಾರು ಐದನೆಯ ಒಂದು ಪಾಲು. ಮಿಕ್ಕದ್ದೆಲ್ಲ ಶಾಖವಾಗಿ ಹೋಯಿತು. ಏನೂ ಮಾಡದೆ ಮಲಗಿದ್ದರೂ ಹೃದಯ, ಶ್ವಾಸಕೋಶ, ಯಕೃತ್ತು, ಮಿದುಳುಗಳ ನಿರ್ವಹಣೆಗೆ ದೊಡ್ಡ ಮೊತ್ತ ಬೇಕೇ ಬೇಕು ಎಂಬುದೂ ಖಚಿತವಾಯಿತು. ಎಂಟು ಗಂಟೆ ತುಳಿಯುವವನ ಲೆಕ್ಕ ಅರ್ಧ ಗಂಟೆ ಉದ್ಯಾನ ಸುತ್ತುವವನಿಗೆ ಹೊಂದುವುದಿಲ್ಲ. ಒಗ್ಗರಣೆಗೆ ಹಾಕುವ ಹತ್ತು ಗ್ರಾಂ ಎಣ್ಣೆಯಲ್ಲಿ 90 ಕ್ಯಾಲರಿ ಇದೆ. ಅದನ್ನು ನಡಿಗೆಯಿಂದ ಕರಗಿಸಲು ಸಾಧಾರಣ ಮೈಕಟ್ಟಿನವರಿಗೆ ಹತ್ತಿರ ಹತ್ತಿರ ಅರ್ಧ ಗಂಟೆ ಬೇಕು. ವಾಕಿಂಗ್ ಮುಗಿಸಿ ದರ್ಶಿನಿಗೆ ನುಗ್ಗುವವರ ತೂಕ ಏಕೆ ಇಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಂಶೋಧನೆ ಬೇಕಿಲ್ಲ.

ಆಟ್‌ವಾಟರ್ ಅವರಿಗೂ ಇದರ ಅರಿವಿತ್ತು. ಅವರ ಮುಖ್ಯ ಕಾಳಜಿ ಬಡವನ ಹೊಟ್ಟೆಯಾಗಿದ್ದರೂ, ಸ್ಥಿತಿವಂತ ಅಮೆರಿಕನ್ನರು ಕೊಬ್ಬು ಮತ್ತು ಸಿಹಿಯನ್ನು ಅಗತ್ಯಕ್ಕಿಂತ ಹೆಚ್ಚು ತಿನ್ನುತ್ತಿದ್ದಾರೆ, ಅದಕ್ಕೆ ತಕ್ಕ ವ್ಯಾಯಾಮ ಮಾಡುತ್ತಿಲ್ಲ ಎಂದು ಅವರು ಎಚ್ಚರಿಸಿದ್ದರು. ಅತಿಯಾಗಿ ತಿಂದುದರ ಕೇಡು ಕೂಡಲೇ ಕಾಣದು, ವರ್ಷಗಳ ಬಳಿಕ ಬೊಜ್ಜಾಗಿಯೋ ರೋಗವಾಗಿಯೋ ಕಾಣಿಸಿಕೊಳ್ಳುತ್ತದೆ ಎಂಬುದು ಅವರ ಬರಹಗಳ ಸಾರ. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಬರೆದ ಮಾತಿದು.

ಮದ್ಯದ ಕಿಡಿ

ಕೀರ್ತಿಯ ಶಿಖರದಲ್ಲಿದ್ದಾಗಲೇ ಅವರು ಬಿರುಗಾಳಿಗೆ ಸಿಲುಕಿದರು. ತಾಮ್ರದ ಕೋಣೆಯಲ್ಲಿ ಆಹಾರದ ಒಂದು ಭಾಗಕ್ಕೆ ಬದಲಾಗಿ ಆಲ್ಕೋಹಾಲ್ ಕೊಟ್ಟು ನೋಡಿದಾಗ ದೇಹ ಅದನ್ನೂ ಬಹುತೇಕ ಪೂರ್ತಿಯಾಗಿ ಉರಿಸಿ ಶಕ್ತಿ ಪಡೆಯುತ್ತದೆಂದು ತಿಳಿಯಿತು. ಒಂದು ಗ್ರಾಂಗೆ ಸುಮಾರು 7 ಕ್ಯಾಲರಿ. 1899ರಲ್ಲಿ ಇದು ಬಹಿರಂಗವಾದೊಡನೆ ಪಾನವಿರೋಧಿ ಸಂಘಟನೆಗಳು ಕೆಂಡಾಮಂಡಲವಾದವು. ಆಗ ಅಮೆರಿಕದ ಶಾಲಾ ಪಠ್ಯಗಳಲ್ಲಿ ಆಲ್ಕೋಹಾಲ್ ಎಳ್ಳಷ್ಟೂ ಆಹಾರವಲ್ಲ, ಬರಿಯ ವಿಷ ಎಂದು ಬೋಧಿಸಲಾಗುತ್ತಿತ್ತು. ಆ ಪಠ್ಯಗಳ ಉತ್ಪ್ರೇಕ್ಷೆಯನ್ನು ಆಟ್‌ವಾಟರ್ ನೇರವಾಗಿ ಟೀಕಿಸಿದ್ದು ಬೆಂಕಿಗೆ ತುಪ್ಪ ಸುರಿದಂತಾಯಿತು.

ಮೆಥಡಿಸ್ಟ್ ಪಂಥದ ಕಾಲೇಜಿನಲ್ಲಿ, ಪಾದ್ರಿಯ ಮಗನಿಂದ ಇಂಥ ಮಾತೇ ಎಂಬುದು ವಿರೋಧಿಗಳ ಆಕ್ರೋಶ. ಮದ್ಯದ ವ್ಯಾಪಾರಿಗಳಂತೂ ವಿಜ್ಞಾನಿಯ ಶಿಫಾರಸು ತಮಗೆ ಸಿಕ್ಕಿತೆಂದು ಜಾಹೀರಾತಿಗೆ ಬಳಸಿಕೊಂಡರು. ಆಟ್‌ವಾಟರ್ ಕುಡಿತವನ್ನು ಸಮರ್ಥಿಸಿರಲೇ ಇಲ್ಲ. ಅದರ ನೈತಿಕ ಹಾಗೂ ಸಾಮಾಜಿಕ ಹಾನಿಯನ್ನು ಒಪ್ಪಿಕೊಂಡೇ, ಸುಳ್ಳಿನ ಆಧಾರದ ಮೇಲೆ ಒಳ್ಳೆಯ ನಡತೆ ಕಲಿಸಬಾರದೆಂದು ವಾದಿಸಿದ್ದರು. ಆದರೆ ಗದ್ದಲದಲ್ಲಿ ಈ ಸೂಕ್ಷ್ಮ ಯಾರಿಗೂ ಬೇಕಿರಲಿಲ್ಲ. ಬಿಯರಿನಿಂದ ಹೊಟ್ಟೆ ಬರುತ್ತದೆಂದು ಇಂದು ವೈದ್ಯರು ಹೇಳುವಾಗ ನೆರವಿಗೆ ಬರುವುದು ಅಂದು ನಿಂದೆಗೊಳಗಾದ ಅದೇ 7 ಎಂಬ ಅಂಕಿ.

ಕಾಣದೇ ಹೋದದ್ದು

ಮದ್ಯದ ವಿಚಾರದಲ್ಲಿ ಅವರು ಸರಿಯಾಗಿದ್ದರು, ತರಕಾರಿಯ ವಿಚಾರದಲ್ಲಿ ಆಗಿರಲಿಲ್ಲ. ಕ್ಯಾಲರಿ ಮತ್ತು ಪ್ರೋಟೀನುಗಳ ಕನ್ನಡಕದಿಂದ ನೋಡಿದರೆ ಸೊಪ್ಪು, ಹಣ್ಣು, ತರಕಾರಿಗಳು ದುಬಾರಿ ನೀರಿನಂತೆ ಕಂಡವು. ಕೊಟ್ಟ ಕಾಸಿಗೆ ಸಿಗುವ ಪೋಷಣೆ ಅತ್ಯಲ್ಪ ಎಂದು ಬಡ ಕುಟುಂಬಗಳಿಗೆ ಅವುಗಳಲ್ಲಿ ಮಿತವ್ಯಯ ಸೂಚಿಸಿದರು. ವಿಟಮಿನ್ ಎಂಬ ಪದವನ್ನು ಕ್ಯಾಸಿಮಿರ್ ಫಂಕ್ ಸೃಷ್ಟಿಸಿದ್ದು 1912ರಲ್ಲಿ. ಅಷ್ಟು ಹೊತ್ತಿಗೆ ಆಟ್‌ವಾಟರ್ ಇರಲಿಲ್ಲ. ಪ್ರೋಟೀನಿನ ವಿಷಯದಲ್ಲೂ ಅವರ ಅಳತೆ ದೊಡ್ಡದಾಯಿತು. ಅದರ ಅರ್ಧದಷ್ಟೇ ಸಾಕೆಂದು ಯೇಲ್‌ನ ರಸೆಲ್ ಚಿಟೆಂಡನ್ 1904ರಲ್ಲಿ ಸೈನಿಕರು, ಕ್ರೀಡಾಪಟುಗಳು, ಅಧ್ಯಾಪಕರ ಮೇಲೆ ಪ್ರಯೋಗ ನಡೆಸಿ ವಾದಿಸಿದರು.

ಆ ವಾದಕ್ಕೆ ಸಮರ್ಥ ಉತ್ತರ ಕೊಡುವ ಅವಕಾಶ ಆಟ್‌ವಾಟರ್ ಅವರಿಗೆ ದೊರೆಯಲಿಲ್ಲ. ಅದೇ ವರ್ಷ ಪಾರ್ಶ್ವವಾಯು ಬಡಿಯಿತು. ಮನುಷ್ಯನ ಚಲನೆಗೆ ತಗಲುವ ಶಕ್ತಿಯನ್ನು ಅಳೆದವರು ಕೊನೆಯ ಮೂರು ವರ್ಷ ನಿಶ್ಶಕ್ತರಾಗಿ ಕಳೆದು, 1907ರ ಸೆಪ್ಟೆಂಬರ್ 22ರಂದು ಮಿಡಲ್‌ಟೌನ್‌ನಲ್ಲಿ ನಿಧನರಾದರು. ಆಗ ಅವರಿಗೆ 63 ವರ್ಷ. ಮಗಳು ಹೆಲೆನ್ ಆಟ್‌ವಾಟರ್ ತಂದೆಯ ಬರಹಗಳಿಗೆ ನೆರವಾಗಿ ಬೆಳೆದವರು. ಮುಂದೆ ಗೃಹವಿಜ್ಞಾನದ ಪ್ರಮುಖ ನಿಯತಕಾಲಿಕದ ಸಂಪಾದಕಿಯಾಗಿ ಹೆಸರು ಮಾಡಿದರು.

ಲೆಕ್ಕದ ಪುಸ್ತಕ ಹಿಡಿದ ವೈದ್ಯೆ

ಕೂಲಿಕಾರನ ತಟ್ಟೆ ತುಂಬಲೆಂದು ಹುಟ್ಟಿದ ಕ್ಯಾಲರಿ, ಸ್ಥೂಲಕಾಯರ ತಟ್ಟೆ ಖಾಲಿ ಮಾಡಲು ಬಳಕೆಯಾದದ್ದು ಅವರು ತೀರಿಕೊಂಡ ಹನ್ನೊಂದು ವರ್ಷಗಳ ಬಳಿಕ. ಕ್ಯಾಲಿಫೋರ್ನಿಯದ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರಲ್ಲಿ ಆಹಾರ ಮತ್ತು ಆರೋಗ್ಯವನ್ನು ಕುರಿತು, ಕ್ಯಾಲರಿಗಳ ಕೀಲಿಕೈಯೊಡನೆ, ಚಿಕ್ಕದೊಂದು ಪುಸ್ತಕ ಪ್ರಕಟಿಸಿದರು. ಒಮ್ಮೆ 220 ಪೌಂಡ್, ಎಂದರೆ ನೂರು ಕಿಲೋ, ತೂಗುತ್ತಿದ್ದ ಅವರು ಲೆಕ್ಕ ಹಾಕಿ ತಿಂದು ಎಪ್ಪತ್ತು ಪೌಂಡಿನಷ್ಟು ಇಳಿಸಿಕೊಂಡಿದ್ದರು. ಇನ್ನು ಮೇಲೆ ಬ್ರೆಡ್ಡಿನ ತುಂಡು ಎನ್ನದೆ ನೂರು ಕ್ಯಾಲರಿ ಬ್ರೆಡ್ಡು ಎನ್ನಬೇಕೆಂದು ಓದುಗರಿಗೆ ಕಲಿಸಿದರು. ತೂಕ ಇಳಿಸಲು ದಿನಕ್ಕೆ 1,200 ಕ್ಯಾಲರಿ ಎಂಬ, ಇಂದಿಗೂ ಪತ್ರಿಕೆಗಳ ಆರೋಗ್ಯ ಪುಟ ಬಿಟ್ಟುಹೋಗದ, ಅಂಕಿಗೆ ಪ್ರಚಾರ ದೊರಕಿಸಿದ್ದೂ ಅವರೇ. ಮೊದಲ ಮಹಾಯುದ್ಧದ ಆಹಾರ ಉಳಿತಾಯದ ಕಾಲವದು. ಬೊಜ್ಜು ಇಳಿಸುವುದು ದೇಶಭಕ್ತಿಯ ಕೆಲಸವೂ ಆಯಿತು. ಪುಸ್ತಕ 1920ರ ದಶಕದ ಅತ್ಯಂತ ಜನಪ್ರಿಯ ಕೃತಿಗಳ ಸಾಲಿಗೆ ಸೇರಿತು. ಪೀಟರ್ಸ್ 1930ರಲ್ಲಿ ನ್ಯುಮೋನಿಯದಿಂದ ತೀರಿಕೊಂಡರು. ಬದುಕಿರುವಷ್ಟು ಕಾಲವೂ ತಮ್ಮ ತೂಕದೊಡನೆ ಸೆಣಸುತ್ತಲೇ ಇರಬೇಕೆಂಬುದನ್ನು ಅವರು ಓದುಗರಿಂದ ಮುಚ್ಚಿಡಲಿಲ್ಲ.

ಅವರ ಸೆಣಸಾಟ ಏಕೆ ಮುಗಿಯಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿದ್ದೂ ಅದೇ ವರ್ಷಗಳಲ್ಲಿ, ಆಟ್‌ವಾಟರ್ ಅವರ ಶಿಷ್ಯನಿಂದಲೇ. ತಾಮ್ರದ ಕೋಣೆಯ ಪ್ರಯೋಗಗಳಲ್ಲಿ ಪಳಗಿದ್ದ ಫ್ರಾನ್ಸಿಸ್ ಬೆನೆಡಿಕ್ಟ್ ಬಾಸ್ಟನ್‌ನಲ್ಲಿ ಕಾರ್ನೆಗಿ ಸಂಸ್ಥೆಯ ಪೋಷಣಾ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದರು. ಯುದ್ಧಕಾಲದಲ್ಲಿ ಕಾಲೇಜು ಯುವಕರ ಆಹಾರವನ್ನು ತಿಂಗಳುಗಟ್ಟಲೆ ತಗ್ಗಿಸಿ ಅವರ ತೂಕವನ್ನು ನೂರಕ್ಕೆ ಹತ್ತರಷ್ಟು ಇಳಿಸಿದಾಗ, ದೇಹದ ವೆಚ್ಚ ತೂಕಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಕುಸಿದಿತ್ತು. ಆದಾಯ ಕಡಿಮೆಯಾದಾಗ ಸಂಸಾರಸ್ಥ ಖರ್ಚಿಗೆ ಕಡಿವಾಣ ಹಾಕುವಂತೆ ದೇಹವೂ ಹಾಕುತ್ತದೆ. ಆಟ್‌ವಾಟರ್ ಅವರ ಜಮಾ-ಖರ್ಚು ಸುಳ್ಳಾಗಲಿಲ್ಲ. ಆದರೆ ಖರ್ಚಿನ ಅಂಕಣ ಸ್ಥಿರವಲ್ಲ, ಜಮೆಯ ಜೊತೆ ತಾನೂ ಬದಲಾಗುತ್ತದೆ ಎಂಬ ತಿದ್ದುಪಡಿ ಸೇರಿತು.

ಒಂದು ಕಿಲೋ ಮೈಕೊಬ್ಬಿಗೆ ಸುಮಾರು 7,700 ಕ್ಯಾಲರಿ, ಆದ್ದರಿಂದ ದಿನಕ್ಕೆ 500 ಕಡಿಮೆ ಮಾಡಿದರೆ ಎರಡು ವಾರಕ್ಕೆ ಒಂದು ಕಿಲೋ ಎಂಬ ಸರಳ ಗುಣಾಕಾರ ಮೊದಲ ಕೆಲವು ವಾರಗಳಲ್ಲಿ ನಿಜವಾಗಿ, ಆಮೇಲೆ ಮಂದವಾಗುವುದು ಈ ಕಾರಣದಿಂದ. ಉಪವಾಸ ಬಿದ್ದು ಹಠಾತ್ತನೆ ಇಳಿಸಿದವರಿಗೆ ಸ್ನಾಯುವೂ ಕರಗಿ ವೆಚ್ಚ ಇನ್ನಷ್ಟು ತಗ್ಗುತ್ತದೆ. ವ್ಯಾಯಾಮದ ನಿಜವಾದ ಪಾತ್ರ ಇಲ್ಲಿದೆ. ಕರಗಿಸುವ ಕ್ಯಾಲರಿ ಅಲ್ಪವೇ ಆದರೂ ಅದು ಸ್ನಾಯುವನ್ನು ಕಾಯುತ್ತದೆ, ಇಳಿದ ತೂಕ ಮತ್ತೆ ಏರದಂತೆ ತಡೆಯಲು ನೆರವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಗಳು ವಾರಕ್ಕೆ ಅರ್ಧ ಕಿಲೋ ಇಳಿಕೆಯನ್ನು ಸುರಕ್ಷಿತವೆಂದು ಪರಿಗಣಿಸಿ, ದಿನದ ಆಹಾರ ಸಾವಿರ ಕ್ಯಾಲರಿಗಿಂತ ಕೆಳಗಿಳಿಯಬಾರದೆಂದು ಹೇಳುವುದರ ಹಿನ್ನೆಲೆ ಇದೇ.

ಮದರಾಸಿನಿಂದ ಹೈದರಾಬಾದಿಗೆ

ಬೆನೆಡಿಕ್ಟ್ ಅವರ ಅಳತೆಗೋಲು ದಕ್ಷಿಣ ಭಾರತಕ್ಕೂ ಬಂತು. ಮದರಾಸಿನ ಮಹಿಳಾ ಕ್ರಿಶ್ಚಿಯನ್ ಕಾಲೇಜಿನ ಎಲೀನರ್ ಮೇಸನ್ ಅವರೊಡನೆ ಸೇರಿ ಅವರು 1931ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಭಾರತದ ಮಹಿಳೆಯರು ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿ ಅಮೆರಿಕದ ಮಾನದಂಡಕ್ಕಿಂತ ಗಣನೀಯವಾಗಿ ಕಡಿಮೆ ಎಂದು ಕಂಡುಬಂತು. ಅಮೆರಿಕದ ಆಹಾರ ಪುಸ್ತಕಗಳ ಪ್ರಮಾಣವನ್ನು ಇಲ್ಲಿ ಹಾಗೆಯೇ ಅನುಸರಿಸುವವರು ಗಮನಿಸಬೇಕಾದ ಸಂಗತಿ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆ ನಿಗದಿಪಡಿಸಿದಂತೆ, ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2,110 ಕ್ಯಾಲರಿ, 55 ಕಿಲೋ ತೂಕದ ಹೆಂಗಸಿಗೆ 1,660 ಸಾಕು. ಆಟ್‌ವಾಟರ್ ಅವರ 3,400 ಎಲ್ಲಿ, ಇದೆಲ್ಲಿ! ಅವರು ಲೆಕ್ಕ ಹಾಕಿದ್ದು ಮೈಮುರಿದು ದುಡಿಯುವವನಿಗೆ. ಕಂಪ್ಯೂಟರಿನ ಮುಂದೆ ದಿನ ಕಳೆಯುವವನಿಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಶೇ. 23ರಷ್ಟು ಮಂದಿ ಅಧಿಕ ತೂಕದವರು; ಕರ್ನಾಟಕದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ಆಟ್‌ವಾಟರ್ ಅಂಕಿಗಳಿಗೂ ತಿದ್ದುಪಡಿ ಬರುತ್ತಿದೆ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳೇ ಬಾದಾಮಿಯನ್ನು ಪರೀಕ್ಷಿಸಿದಾಗ, ಒಂದು ಹಿಡಿ ಬಾದಾಮಿಯಿಂದ ದೇಹಕ್ಕೆ ದಕ್ಕುವುದು ಪಟ್ಟಿಯಲ್ಲಿದ್ದ 170ರಷ್ಟು ಕ್ಯಾಲರಿ ಅಲ್ಲ, 129 ಮಾತ್ರ ಎಂದು ಗೊತ್ತಾಯಿತು. ಗಟ್ಟಿ ಕೋಶಗಳೊಳಗೆ ಸಿಲುಕಿದ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ. ಒಂದೇ ಪದಾರ್ಥವನ್ನು ಇಡಿಯಾಗಿ ತಿಂದರೆ ಒಂದು ಲೆಕ್ಕ, ಅರೆದು ತಿಂದರೆ ಇನ್ನೊಂದು.

ಭಾರತದ ಆಹಾರ ಪದಾರ್ಥಗಳ ಮೊದಲ ವಿಸ್ತೃತ ಕೋಷ್ಟಕ ಕೂನೂರಿನ ಪೋಷಣಾ ಪ್ರಯೋಗಾಲಯದಿಂದ 1937ರಲ್ಲಿ, ವ್ಯಾಲೇಸ್ ಏಕ್ರಾಯ್ಡ್ ಅವರ ನೇತೃತ್ವದಲ್ಲಿ ಹೊರಬಂತು. ಅದೇ ಪ್ರಯೋಗಾಲಯ ಮುಂದೆ ಹೈದರಾಬಾದಿಗೆ ಸ್ಥಳಾಂತರಗೊಂಡು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದು 2017ರಲ್ಲಿ ಹೊರತಂದ 528 ಪದಾರ್ಥಗಳ ಹೊಸ ಕೋಷ್ಟಕದಲ್ಲಿ ಶಕ್ತಿಯ ಅಂಕಣ ಕಿಲೋಜೂಲ್‌ಗಳಲ್ಲಿದೆ. ನೂರು ಗ್ರಾಂ ರಾಗಿಗೆ ಅಲ್ಲಿ ನಮೂದಾಗಿರುವುದು 1,342 ಕಿಲೋಜೂಲ್. ಮುದ್ದೆಯ ಲೆಕ್ಕ ಹಾಕುವವರು ಅದನ್ನು 4.18ರಿಂದ ಭಾಗಿಸಿ, 320ರ ಸುಮಾರಿಗೆ ಇಳಿಸಿ, ಮತ್ತೆ ಆಟ್‌ವಾಟರ್ ಅವರ ಕ್ಯಾಲರಿಗೇ ಬರುತ್ತಾರೆ.